ಓದುಗರ ಪ್ರಶ್ನೆ: ಶುಭ ಶುಕ್ರವಾರದ ಆಚರಣೆ ಹೇಗೆ ಹುಟ್ಟಿತು?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಶಿವಾಜಿನಗರದಲ್ಲಿದೆ. ಶುಭ ಶುಕ್ರವಾರದಂದು ಸಂತ ಮೇರಿ ಬೆಸಿಲಿಕದ ಕಡೆಗೆ ಜನರು ಗುಂಪುಗುಂಪಾಗಿ ಹೋಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಇದು ಶೋಕದ ದಿನವೆಂದು ಒಬ್ಬ ಕ್ರೈಸ್ತ ಗೆಳೆಯರು ಹೇಳಿದರೆ, ಪಾಸ್ಖ (ಈಸ್ಟರ್) ಹಬ್ಬದ ಭಾಗವೆಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ? ಈ ಆಚರಣೆ ಯೇಸುವಿನ ಶಿಷ್ಯರ ಕಾಲದಿಂದಲೇ ನಡೆದುಬಂದಿದೆಯೇ?

ಉತ್ತರ: ಇಬ್ಬರ ಮಾತೂ ಸರಿ. ಆದರೆ ಎರಡನೆಯವರು ಹೇಳಿದ್ದು ಹೆಚ್ಚು ಹಳೆಯ ತಿಳಿವಳಿಕೆ, ಮೊದಲನೆಯವರು ಹೇಳಿದ್ದು ಅದರ ಮೇಲೆ ಶತಮಾನಗಳ ಕಾಲ ಬೆಳೆದುಬಂದ ಭಾವನೆ. ಕ್ರೈಸ್ತಧರ್ಮದ ಮೊದಲ ಸುಮಾರು ಮೂರು ಶತಮಾನಗಳಲ್ಲಿ ಯೇಸುವಿನ ಮರಣವನ್ನಷ್ಟೇ ನೆನೆಯುವ ಪ್ರತ್ಯೇಕ ಪೂಜಾವಿಧಿ ಇದ್ದಂತೆ ಕಾಣುವುದಿಲ್ಲ. ಮರಣವನ್ನೂ ಪುನರುತ್ಥಾನವನ್ನೂ ಒಂದೇ ಜಾಗರಣೆಯ ರಾತ್ರಿಯಲ್ಲಿ, ಒಂದೇ ಪಾಸ್ಖ ಹಬ್ಬವಾಗಿ ಆಚರಿಸುತ್ತಿದ್ದರು. ಆ ಹಬ್ಬಕ್ಕೆ ಮುನ್ನ ಬರುತ್ತಿದ್ದ ಉಪವಾಸದ ದಿನವೇ ಮುಂದೆ ತನ್ನದೇ ವಿಧಿಗಳನ್ನು ಪಡೆದು ಇಂದಿನ ಶುಭ ಶುಕ್ರವಾರವಾಯಿತು. ಈ ದಿನದ ಬಗೆಗಿನ ಬಹುಪಾಲು ಗೊಂದಲಗಳು ಇದನ್ನು ತಿಳಿದರೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಘಟನೆಯ ಕಾಲವನ್ನು ನೋಡೋಣ. ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ, ಅಂದರೆ ಶುಕ್ರವಾರ, ಎಂಬ ವಿಷಯದಲ್ಲಿ ಯೇಸುವಿನ ಚರಿತ್ರೆ ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳೂ ಒಂದೇ ಮಾತನ್ನು ಹೇಳುತ್ತವೆ. ಮರಣದಂಡನೆ ವಿಧಿಸಿದ ಪೊಂತಿಯುಸ್ ಪಿಲಾತನು ಕ್ರಿ.ಶ. 26ರಿಂದ 36ರವರೆಗೆ ಜುದೇಯದ ರೋಮನ್ ಆಡಳಿತಾಧಿಕಾರಿಯಾಗಿದ್ದನು. ಅವನ ಹೆಸರು ಕೆತ್ತಿದ ಕಲ್ಲೊಂದು 1961ರಲ್ಲಿ ಕೈಸರಿಯದಲ್ಲಿ ದೊರೆತಿದೆ. ಕ್ರೈಸ್ತನಲ್ಲದ, ಕ್ರೈಸ್ತರ ಬಗ್ಗೆ ಎಳ್ಳಷ್ಟೂ ಒಲವಿಲ್ಲದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ತಿಬೇರಿಯುಸ್ ಚಕ್ರವರ್ತಿಯ ಕಾಲದಲ್ಲಿ ಪಿಲಾತನಿಂದ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಎರಡನೆಯ ಶತಮಾನದ ಆರಂಭದಲ್ಲಿ ಬರೆದಿದ್ದಾನೆ. ಖಚಿತ ತಾರೀಖಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೆಚ್ಚಾಗಿ ಮುಂದಿಡಲಾಗುವ ದಿನಗಳು ಕ್ರಿ.ಶ. 30ರ ಏಪ್ರಿಲ್ 7 ಮತ್ತು ಕ್ರಿ.ಶ. 33ರ ಏಪ್ರಿಲ್ 3.

ಆದರೆ ಯೆಹೂದ್ಯರ ಪಂಚಾಂಗದ ಪ್ರಕಾರ ಅಂದು ಯಾವ ತಿಥಿ ಎಂಬಲ್ಲಿ ಶುಭಸಂದೇಶಗಳು ಒಪ್ಪುವುದಿಲ್ಲ. ಮತ್ತಾಯ, ಮಾರ್ಕ ಮತ್ತು ಲೂಕರ ನಿರೂಪಣೆಯಲ್ಲಿ ಯೇಸು ಶಿಷ್ಯರೊಡನೆ ಮಾಡಿದ ಕೊನೆಯ ಭೋಜನವೇ ಯೆಹೂದ್ಯರ ಪಾಸ್ಖ ಹಬ್ಬದ ಊಟ. ಹಾಗಿದ್ದರೆ ಅವರ ಮರಣ ಪಾಸ್ಖದ ದಿನವೇ ಆಗಬೇಕು. ಯೊವಾನ್ನನ ಪ್ರಕಾರ ಪಾಸ್ಖದ ಊಟ ಇನ್ನೂ ಆಗಿರಲಿಲ್ಲ. ದೇವಾಲಯದಲ್ಲಿ ಪಾಸ್ಖದ ಕುರಿಮರಿಗಳನ್ನು ಬಲಿಗೊಡುವ ನಿಸಾನ್ ತಿಂಗಳ 14ನೆಯ ದಿನ ಯೇಸು ಪ್ರಾಣಬಿಟ್ಟರು. ಈ ವ್ಯತ್ಯಾಸವನ್ನು ಯಾವ ಜಾಣತನದಿಂದಲೂ ಪೂರ್ತಿ ಅಳಿಸಲಾಗದು, ಅಳಿಸಬೇಕಾದ ಅಗತ್ಯವೂ ಇಲ್ಲ. ಐಗುಪ್ತದ ದಾಸ್ಯದಿಂದ ಇಸ್ರಯೇಲರು ಬಿಡುಗಡೆಯಾದ ರಾತ್ರಿಯ ಕುರಿಮರಿಯನ್ನೂ ಶಿಲುಬೆಯ ಮೇಲಿನ ಯೇಸುವನ್ನೂ ಒಟ್ಟಿಗೆ ಇಟ್ಟು ಓದಬೇಕೆಂಬುದು ಯೊವಾನ್ನನ ಉದ್ದೇಶ. ಶುಭ ಶುಕ್ರವಾರದಂದು ಕಥೋಲಿಕ ಚರ್ಚುಗಳಲ್ಲಿ ಓದುವುದೂ ಯೊವಾನ್ನನ ವೃತ್ತಾಂತವನ್ನೇ, ಅದರ 18 ಮತ್ತು 19ನೆಯ ಅಧ್ಯಾಯಗಳನ್ನು.

ಎರಡನೆಯ ಶತಮಾನದಲ್ಲಿ ಏಷ್ಯಾ ಮೈನರಿನ, ಅಂದರೆ ಇಂದಿನ ತುರ್ಕಿಯ, ಕ್ರೈಸ್ತರು ಯಾವ ವಾರವೇ ಬರಲಿ ನಿಸಾನ್ 14ರಂದೇ ಪಾಸ್ಖವನ್ನು ಆಚರಿಸುತ್ತಿದ್ದರು. ರೋಮಿನವರು ಅದನ್ನು ಭಾನುವಾರದಂದು ಆಚರಿಸುತ್ತಿದ್ದರು. ಸ್ಮಿರ್ನದ ಧರ್ಮಾಧ್ಯಕ್ಷ (ಬಿಷಪ್) ಪೊಲಿಕಾರ್ಪರು ವೃದ್ಧಾಪ್ಯದಲ್ಲಿ ರೋಮಿಗೆ ಹೋಗಿ ಪೋಪ್ ಅನಿಸೇತರೊಡನೆ ಇದನ್ನು ಚರ್ಚಿಸಿದರು. ಇಬ್ಬರೂ ತಮ್ಮ ಪಟ್ಟು ಬಿಡಲಿಲ್ಲ, ಆದರೂ ಸ್ನೇಹದಿಂದ ಬೀಳ್ಕೊಂಡರು. ಕೆಲವು ದಶಕಗಳ ನಂತರ ಪೋಪ್ ವಿಕ್ಟರರು ಏಷ್ಯಾದವರನ್ನು ಸಭೆಯಿಂದ ಹೊರಗಿಡಲು ಹೊರಟಾಗ, ಲಿಯೋನಿನ ಧರ್ಮಾಧ್ಯಕ್ಷ ಇರೆನೇಯರು ಬರೆದ ಪತ್ರದ ಒಂದು ಭಾಗ ಉಳಿದುಬಂದಿದೆ. ಪಾಸ್ಖದ ಮುನ್ನ ಕೆಲವರು ಒಂದು ದಿನ, ಕೆಲವರು ಎರಡು ದಿನ, ಇನ್ನು ಕೆಲವರು ಇನ್ನೂ ಹೆಚ್ಚು ದಿನ ಉಪವಾಸ ಮಾಡುತ್ತಾರೆಂದೂ, ಈ ಭೇದದಿಂದ ಸಮಾಧಾನ ಕೆಡಬೇಕಾಗಿಲ್ಲವೆಂದೂ ಅವರು ಅದರಲ್ಲಿ ವಾದಿಸಿದ್ದಾರೆ. ಆಗಿನ ಶುಕ್ರವಾರ ಏನಾಗಿತ್ತೆಂಬುದಕ್ಕೆ ಈ ಪತ್ರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ: ಅದು ಹಬ್ಬಕ್ಕೆ ಮುನ್ನ ಹೊಟ್ಟೆಯನ್ನು ಬರಿದಾಗಿಟ್ಟುಕೊಳ್ಳುವ ದಿನವಾಗಿತ್ತು. ಪ್ರತಿ ವಾರ ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡುವ ರೂಢಿ ಅದಕ್ಕಿಂತಲೂ ಹಿಂದಿನಿಂದಲೇ ಇತ್ತು.

ಈ ಉಪವಾಸದ ದಿನಕ್ಕೆ ತನ್ನದೇ ಆದ ವಿಧಿಯನ್ನು ಕೊಟ್ಟದ್ದು ನಾಲ್ಕನೆಯ ಶತಮಾನದ ಜೆರುಸಲೇಮ್. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರಿಗೆ ಆಶ್ರಯ ಕೊಟ್ಟು, ಯೇಸುವಿನ ಸಮಾಧಿ ಮತ್ತು ಶಿಲುಬೆಗೇರಿಸಿದ ಜಾಗವಾದ ಗೊಲ್ಗೊಥಾ ಎಂದು ಗುರುತಿಸಿದ ಸ್ಥಳಗಳಲ್ಲಿ ಭವ್ಯವಾದ ದೇವಾಲಯವನ್ನು ಕಟ್ಟಿಸಿದನು. ಅದು 335ರಲ್ಲಿ ಪ್ರತಿಷ್ಠಾಪನೆಗೊಂಡಿತು. ಘಟನೆ ನಡೆದ ಜಾಗವೇ ಕಣ್ಣೆದುರಿಗೆ ಇರುವಾಗ, ಆಯಾ ಘಟನೆಯನ್ನು ಆಯಾ ಜಾಗದಲ್ಲಿ, ಆಯಾ ಹೊತ್ತಿಗೆ ನೆನೆಯಬೇಕೆಂಬ ಆಸೆ ಯಾತ್ರಿಕರಲ್ಲಿ ಹುಟ್ಟಿದ್ದು ಸಹಜವೇ. ಒಂದೇ ರಾತ್ರಿಯ ಹಬ್ಬ ಹೀಗೆ ಒಂದು ವಾರದ ಉದ್ದಕ್ಕೂ ಹರಡಿಕೊಂಡಿತು.

381ರಿಂದ 384ರ ನಡುವೆ ಅಲ್ಲಿದ್ದ ಎಗೇರಿಯಾ ಎಂಬ ಯಾತ್ರಿಕಳು ತನ್ನ ಊರಿನ ಸಹೋದರಿಯರಿಗೆ ಬರೆದ ವರದಿಯಿಂದ ನಮಗೆ ಇದೆಲ್ಲ ತಿಳಿದಿದೆ. ಅದರ ಏಕೈಕ ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆಜೊ ಪಟ್ಟಣದಲ್ಲಿ ಬೆಳಕಿಗೆ ಬಂತು; ಅದೂ ಅಪೂರ್ಣ. ಶುಕ್ರವಾರದ ಬೆಳಿಗ್ಗೆ ಧರ್ಮಾಧ್ಯಕ್ಷರು ಗೊಲ್ಗೊಥಾದಲ್ಲಿ ಪೀಠದ ಮೇಲೆ ಕುಳಿತುಕೊಳ್ಳುತ್ತಾರೆ. ನಾರುಬಟ್ಟೆ ಹಾಸಿದ ಮೇಜಿನ ಮೇಲೆ, ಚಿನ್ನದ ಲೇಪವಿದ್ದ ಬೆಳ್ಳಿಯ ಪೆಟ್ಟಿಗೆಯಿಂದ ಹೊರತೆಗೆದ ಶಿಲುಬೆಯ ಮರವನ್ನು ಇಡುತ್ತಾರೆ. ಜನರು ಸಾಲಾಗಿ ಬಂದು ಬಾಗಿ, ಹಣೆಯನ್ನೂ ಕಣ್ಣುಗಳನ್ನೂ ಅದಕ್ಕೆ ತಾಗಿಸಿ, ಮುತ್ತಿಟ್ಟು ಮುಂದೆ ಹೋಗುತ್ತಾರೆ. ಕೈಯಿಂದ ಮುಟ್ಟಲು ಯಾರಿಗೂ ಅನುಮತಿಯಿಲ್ಲ. ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಮರದ ಚೂರೊಂದನ್ನು ಹಲ್ಲಿನಿಂದ ಕಚ್ಚಿಕೊಂಡು ಹೋಗಿದ್ದರಂತೆ. ಅಂದಿನಿಂದ ಸೇವಕರು ಸುತ್ತ ನಿಂತು ಕಾವಲು ಕಾಯುತ್ತಿದ್ದರೆಂದು ಆಕೆ ಬರೆದಿದ್ದಾಳೆ. ಭಕ್ತಿಯ ಭರಾಟೆ ಎಲ್ಲ ಊರುಗಳಲ್ಲೂ ಒಂದೇ ಬಗೆ! ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಯಲಿನಲ್ಲಿ ನಿಂತು ಪ್ರವಾದಿಗಳ ಗ್ರಂಥಗಳಿಂದ, ಕೀರ್ತನೆಗಳಿಂದ, ಶುಭಸಂದೇಶಗಳಿಂದ ವಾಚನಗಳನ್ನು ಕೇಳುತ್ತಿದ್ದ ಜನ, ದೊಡ್ಡವರು ಚಿಕ್ಕವರೆನ್ನದೆ, ಬಿಕ್ಕಿ ಬಿಕ್ಕಿ ಅಳುತ್ತಿದ್ದರೆಂದೂ ಅವಳು ದಾಖಲಿಸಿದ್ದಾಳೆ. ನೀವು ಶಿವಾಜಿನಗರದಲ್ಲಿ ನೋಡುವ ಆಚರಣೆಯ ಮೂಲ ಇಲ್ಲಿದೆ. ಊರಿಗೆ ಮರಳಿದ ಯಾತ್ರಿಕರೊಡನೆ ಈ ಪದ್ಧತಿಯೂ ಪಯಣಿಸಿ, ಏಳು-ಎಂಟನೆಯ ಶತಮಾನಗಳ ಹೊತ್ತಿಗೆ ರೋಮನ್ನು ಸೇರಿತು.

ಶೋಕದ ಛಾಯೆ ದಟ್ಟವಾದದ್ದು ಇನ್ನೂ ತಡವಾಗಿ. ಆರಂಭದ ಕ್ರೈಸ್ತರು ಶಿಲುಬೆಗೇರಿಸಿದ ದೃಶ್ಯವನ್ನು ಚಿತ್ರಿಸಲು ಹಿಂಜರಿಯುತ್ತಿದ್ದರು. ರೋಮಿನ ಸಂತ ಸಬೀನಾ ಚರ್ಚಿನ, ಸುಮಾರು 430ರ ಮರದ ಬಾಗಿಲಿನ ಮೇಲಿರುವ ಕೆತ್ತನೆಯೇ ಈ ದೃಶ್ಯದ ಅತಿ ಹಳೆಯ ಚಿತ್ರಣಗಳಲ್ಲೊಂದು; ಅದರಲ್ಲಿ ಯೇಸು ಕಣ್ತೆರೆದು ನೇರವಾಗಿ ನಿಂತಿದ್ದಾರೆ, ನೋವಿನ ಗುರುತೇ ಇಲ್ಲ. ತಲೆ ವಾಲಿದ, ದೇಹ ಜೋತುಬಿದ್ದ ಯೇಸುವಿನ ದೊಡ್ಡ ಶಿಲ್ಪ ಪಶ್ಚಿಮ ಯೂರೋಪಿನಲ್ಲಿ ಕಾಣಿಸಿಕೊಳ್ಳುವುದು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಜರ್ಮನಿಯ ಕಲೋನ್ ನಗರದಲ್ಲಿ. ಹದಿಮೂರನೆಯ ಶತಮಾನದಿಂದ ಸಂತ ಫ್ರಾನ್ಸಿಸ್ಸರ ಅನುಯಾಯಿಗಳು ಯೇಸುವಿನ ಮಾನವ ಯಾತನೆಯ ಧ್ಯಾನವನ್ನು ಜನರ ನಡುವೆ ಹರಡಿದರು. ಪಾಸ್ಖಕ್ಕೆ ಮುಂಚಿನ ತಪಸ್ಕಾಲದಲ್ಲಿ ನಮ್ಮ ಚರ್ಚುಗಳಲ್ಲಿ ನಡೆಯುವ, ಯೇಸುವಿನ ಯಾತನೆಯ ಘಟನೆಗಳನ್ನು ಒಂದೊಂದು ನಿಲ್ದಾಣದಲ್ಲಿ ನಿಂತು ಧ್ಯಾನಿಸುವ ಶಿಲುಬೆಯ ಹಾದಿಯೂ ಬಹುಮಟ್ಟಿಗೆ ಅವರ ಕೊಡುಗೆಯೇ. ಅದರ ನಿಲ್ದಾಣಗಳು ಹದಿನಾಲ್ಕೆಂದು ಗೊತ್ತಾದದ್ದು 1731ರಲ್ಲಿ, ಪೋಪ್ ಹನ್ನೆರಡನೆಯ ಕ್ಲೆಮೆಂಟರಿಂದ.

ಯೇಸುವಿನ ಮರಣ ಮನುಷ್ಯರಿಗೆ ಬಿಡುಗಡೆ ತಂದದ್ದು ಹೇಗೆ ಎಂಬುದಕ್ಕೂ ಹೀಗೆಯೇ ಹಲವು ವಿವರಣೆಗಳು ಬೆಳೆದಿವೆ. ಪಾಪ ಮತ್ತು ಮರಣಗಳ ಮೇಲಿನ ಜಯವೆಂದು ಪ್ರಾಚೀನರಲ್ಲಿ ಹಲವರು ಕಂಡರು. ದೇವರಿಗೆ ಸಲ್ಲಬೇಕಾದ ಗೌರವವನ್ನು ಮನುಷ್ಯಕುಲದ ಪರವಾಗಿ ಸಲ್ಲಿಸಿದ್ದೆಂದು ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಅನ್ಸೆಲ್ಮರು ವಾದಿಸಿದರು. ದೇವರ ಪ್ರೀತಿಯ ಪರಮಾವಧಿಯೆಂದು ಪೀಟರ್ ಅಬೆಲಾರ್ಡ್ ಒತ್ತಿಹೇಳಿದರು.

ಪ್ರಶ್ನೆ: ಕೆಲವು ವರ್ಷ ನಮ್ಮ ಕರಗದ ಮರುದಿನವೇ ಶುಭ ಶುಕ್ರವಾರ ಬರುತ್ತದೆ, ಕೆಲವು ವರ್ಷ ಎರಡರ ನಡುವೆ ಹೆಚ್ಚುಕಡಿಮೆ ತಿಂಗಳ ಅಂತರವಿರುತ್ತದೆ. ಕ್ರಿಸ್‌ಮಸ್ಸಿನಂತೆ ಇದಕ್ಕೆ ಗೊತ್ತಾದ ತಾರೀಖು ಏಕಿಲ್ಲ? (ತಿಗಳರಪೇಟೆಯ ಓದುಗರು)

ಉತ್ತರ: ಎರಡೂ ಹುಣ್ಣಿಮೆಯನ್ನು ಅವಲಂಬಿಸಿದ ದಿನಗಳು, ಆದರೆ ಹುಣ್ಣಿಮೆಯನ್ನು ಆರಿಸುವ ಕ್ರಮ ಬೇರೆ ಬೇರೆ. ಯೆಹೂದ್ಯರ ನಿಸಾನ್ ಚಾಂದ್ರಮಾನದ ತಿಂಗಳು. ನಮ್ಮ ಅಧಿಕಮಾಸದಂತೆ ಅವರೂ 19 ವರ್ಷಗಳಲ್ಲಿ ಏಳು ಸಲ ಹೆಚ್ಚುವರಿ ತಿಂಗಳೊಂದನ್ನು ಸೇರಿಸಿ ಋತುಗಳೊಡನೆ ಹೊಂದಿಸಿಕೊಳ್ಳುತ್ತಾರೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಮಹಾಸಭೆಯು ಎಲ್ಲ ಕ್ರೈಸ್ತರೂ ಒಂದೇ ಭಾನುವಾರ ಪಾಸ್ಖವನ್ನು ಆಚರಿಸಬೇಕೆಂದು ತೀರ್ಮಾನಿಸಿತು. ಮುಂದೆ ನೆಲೆನಿಂತ ನಿಯಮದ ಪ್ರಕಾರ ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಪುನರುತ್ಥಾನದ ಹಬ್ಬ. ಅದರ ಹಿಂದಿನ ಶುಕ್ರವಾರವೇ ಶುಭ ಶುಕ್ರವಾರ. ಹೀಗಾಗಿ ಅದು ಮಾರ್ಚ್ 20ರಿಂದ ಏಪ್ರಿಲ್ 23ರೊಳಗೆ ಎಂದಾದರೂ ಬರಬಹುದು.

ಕರಗ ನಡೆಯುವ ಚೈತ್ರ ಹುಣ್ಣಿಮೆಯನ್ನು ನಿರ್ಧರಿಸುವುದು ಮಾರ್ಚ್ 21 ಅಲ್ಲ, ಈಗ ಏಪ್ರಿಲ್ 14ರ ಸುಮಾರಿಗೆ ಬರುವ ಮೇಷ ಸಂಕ್ರಮಣ. ಹುಣ್ಣಿಮೆ ಏಪ್ರಿಲ್ ತಿಂಗಳ ಮೊದಲ ಭಾಗದಲ್ಲಿ ಬಂದರೆ ಎರಡು ಲೆಕ್ಕವೂ ಒಂದೇ ಹುಣ್ಣಿಮೆಗೆ ಬಂದು ನಿಲ್ಲುತ್ತದೆ. 2023ರಲ್ಲಿ ಚೈತ್ರ ಹುಣ್ಣಿಮೆ ಏಪ್ರಿಲ್ 6ರಂದು, ಶುಭ ಶುಕ್ರವಾರ ಏಪ್ರಿಲ್ 7ರಂದು ಬಂದದ್ದು ಹೀಗೆ. ಮರುವರ್ಷ ಮಾರ್ಚ್ 25ರ ಹೋಳಿ ಹುಣ್ಣಿಮೆಯೇ ಕ್ರೈಸ್ತರ ಲೆಕ್ಕದ ಮೊದಲ ಹುಣ್ಣಿಮೆಯಾದ್ದರಿಂದ ಶುಭ ಶುಕ್ರವಾರ ಮಾರ್ಚ್ 29ಕ್ಕೇ ಬಂತು. ಚೈತ್ರ ಹುಣ್ಣಿಮೆಗೆ ಏಪ್ರಿಲ್ 23ರವರೆಗೆ ಕಾಯಬೇಕಾಯಿತು. ಗ್ರೀಸ್, ರಷ್ಯಾ ಮೊದಲಾದ ಕಡೆಯ ಆರ್ಥೊಡಾಕ್ಸ್ ಕ್ರೈಸ್ತರು ಈ ಹಬ್ಬದ ಮಟ್ಟಿಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುವುದರಿಂದ ಅವರ ದಿನ ಸಾಮಾನ್ಯವಾಗಿ ಬೇರೆ. ಆದರೆ 2025ರಲ್ಲಿ ಎಲ್ಲರಿಗೂ ಏಪ್ರಿಲ್ 20ರಂದೇ ಪಾಸ್ಖ ಬಂತು.

ಪ್ರಶ್ನೆ: ಅಂದು ಕಥೋಲಿಕ ಚರ್ಚುಗಳಲ್ಲಿ ಬಲಿಪೂಜೆ (ಮಾಸ್) ಇರುವುದಿಲ್ಲ, ಗಂಟೆ ಬಾರಿಸುವುದಿಲ್ಲ ಎಂದು ಕೇಳಿದ್ದೇನೆ. ಇಷ್ಟು ಮುಖ್ಯವಾದ ದಿನ ಮುಖ್ಯ ಪೂಜೆಯನ್ನೇ ಬಿಡುವುದೇಕೆ? ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಮೂರು ಗಂಟೆಗಳ ಆರಾಧನೆ ನಡೆಯುವುದೇಕೆ? (ಬಸವನಗುಡಿಯ ಓದುಗರು)

ಉತ್ತರ: ಬಲಿಪೂಜೆಯು ಪುನರುತ್ಥಾನದ ಸಂಭ್ರಮವನ್ನೂ ಒಳಗೊಂಡ ಭೋಜನ; ಉಪವಾಸದ ದಿನ ಭೋಜನ ಸಲ್ಲದು. ಹಬ್ಬದ ಹಿಂದಿನ ಉಪವಾಸವಾಗಿದ್ದ ಈ ದಿನದ ಮೂಲ ಸ್ವರೂಪ ಇಂದಿಗೂ ಎದ್ದು ಕಾಣುವುದು ಇಲ್ಲಿಯೇ. ಗುರುವಾರ ರಾತ್ರಿಯ ಪೂಜೆಯಾದ ಮೇಲೆ ಬಲಿಪೀಠದ ವಸ್ತ್ರಗಳನ್ನು ತೆಗೆದುಬಿಡುತ್ತಾರೆ. ಗಂಟೆಗಳು ಶನಿವಾರ ರಾತ್ರಿಯ ಜಾಗರಣೆಯವರೆಗೆ ಮೌನವಾಗಿರುತ್ತವೆ. ಅವುಗಳ ಬದಲಿಗೆ ಮರದ ಹಲಗೆಯಿಂದ ಸದ್ದು ಮಾಡುವ ರೂಢಿಯುಂಟು. ಶುಕ್ರವಾರದ ವಿಧಿ ಆರಂಭವಾಗುವುದು ಹಾಡಿನಿಂದಲ್ಲ. ಗುರುಗಳು ಮೌನವಾಗಿ ಬಂದು ಬರಿಯ ಬಲಿಪೀಠದ ಮುಂದೆ ನೆಲದ ಮೇಲೆ ಸಾಷ್ಟಾಂಗ ಬೀಳುತ್ತಾರೆ, ಇಲ್ಲವೇ ಮೊಣಕಾಲೂರುತ್ತಾರೆ. ಅನಂತರ ಯೆಶಾಯನ ಗ್ರಂಥದಿಂದ ಯಾತನೆಯನ್ನುಂಡ ಸೇವಕನ ಭಾಗ, ಯೊವಾನ್ನನ ಯಾತನೆಯ ವೃತ್ತಾಂತ, ಧರ್ಮಸಭೆಗಾಗಿ, ಯೆಹೂದ್ಯರಿಗಾಗಿ, ಅನ್ಯಧರ್ಮೀಯರಿಗಾಗಿ, ದೇವರನ್ನೇ ನಂಬದವರಿಗಾಗಿ, ಆಳುವವರಿಗಾಗಿ, ಕಷ್ಟದಲ್ಲಿರುವವರಿಗಾಗಿ ಹೀಗೆ ಹತ್ತು ಪ್ರಾರ್ಥನೆಗಳು, ಬಳಿಕ ಎಗೇರಿಯಾ ಕಂಡ ಶಿಲುಬೆಯ ವಂದನೆ, ಕೊನೆಯಲ್ಲಿ ಹಿಂದಿನ ದಿನವೇ ಪವಿತ್ರೀಕರಿಸಿಟ್ಟ ಪರಮಪ್ರಸಾದದ (ರೊಟ್ಟಿಯ) ಹಂಚಿಕೆ. ಈ ವಿಧಿ ಇಷ್ಟು ಬರಿದಾಗಿ ಕಾಣುವುದಕ್ಕೆ ಕಾರಣ ಅದರ ಹಳಮೆ. ವರ್ಷದ ಅತ್ಯಂತ ಗಂಭೀರ ದಿನಗಳಲ್ಲೇ ಅತ್ಯಂತ ಹಳೆಯ ಪದ್ಧತಿಗಳು ಮಾರ್ಪಾಡಿಲ್ಲದೆ ಉಳಿಯುತ್ತವೆಂದು ಜರ್ಮನ್ ವಿದ್ವಾಂಸ ಆಂಟನ್ ಬೌಮ್‌ಸ್ಟಾರ್ಕ್ ಗುರುತಿಸಿದ್ದರು. ಆದರೂ ಬದಲಾವಣೆಗಳು ಆಗಿಲ್ಲವೆಂದಲ್ಲ: ಬೆಳಗಿನ ಹೊತ್ತು ನಡೆಯುತ್ತಿದ್ದ ವಿಧಿಯನ್ನು ಮಧ್ಯಾಹ್ನಕ್ಕೆ ತಂದು, ಗುರುಗಳೊಬ್ಬರೇ ಸ್ವೀಕರಿಸುತ್ತಿದ್ದ ಪರಮಪ್ರಸಾದವನ್ನು ಜನರಿಗೂ ಕೊಡುವಂತೆ ಮಾಡಿದ್ದು ಪೋಪ್ ಹನ್ನೆರಡನೆಯ ಪಿಯುಸರ 1955ರ ಸುಧಾರಣೆ, ಗುರುಗಳು ಕಪ್ಪು ಬಿಟ್ಟು ಕೆಂಪು ವಸ್ತ್ರವನ್ನು ಧರಿಸತೊಡಗಿದ್ದು ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. ಅದೇ ಮಹಾಸಭೆಯ ಫಲವಾಗಿಯೇ ಬೆಂಗಳೂರಿನಲ್ಲಿ ಈ ವಿಧಿಯನ್ನು ಇಂದು ಕನ್ನಡದಲ್ಲಿ ಕೇಳಬಹುದಾಗಿದೆ.

ಮೂರು ಗಂಟೆಗಳ ಆರಾಧನೆಯ ಕಥೆ ಸ್ವಾರಸ್ಯಕರವಾದದ್ದು. ಮಧ್ಯಾಹ್ನ ಕತ್ತಲೆ ಕವಿದು, ಮೂರು ಗಂಟೆಗೆ ಯೇಸು ಪ್ರಾಣಬಿಟ್ಟರೆಂಬ ಶುಭಸಂದೇಶಗಳ ಮಾತೇ ಅದಕ್ಕೆ ಆಧಾರ. ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುವುದು ಅದರ ಕ್ರಮ. ಈ ಏಳೂ ಯಾವುದೇ ಒಂದು ಶುಭಸಂದೇಶದಲ್ಲಿ ಸಿಗುವುದಿಲ್ಲ: ಲೂಕನಲ್ಲಿ ಮೂರು, ಯೊವಾನ್ನನಲ್ಲಿ ಮೂರು, ಮತ್ತಾಯ ಮತ್ತು ಮಾರ್ಕರಲ್ಲಿ ಒಂದೇ ಒಂದು. ಪ್ರೊಟೆಸ್ಟೆಂಟರ ವಿಶಿಷ್ಟ ಆಚರಣೆಯೆಂದು ಬೆಂಗಳೂರಿನಲ್ಲಿ ಅನೇಕರು ಭಾವಿಸಿರುವ ಇದನ್ನು ರೂಪಿಸಿದ ಕೀರ್ತಿ ಸಲ್ಲುವುದು ಯೇಸುಸಭೆಯ (ಜೆಸುಯಿಟ್) ಕಥೋಲಿಕ ಗುರು ಅಲೊನ್ಸೊ ಮೆಸಿಯಾರಿಗೆ, ಅದೂ 1687ರ ಭೀಕರ ಭೂಕಂಪವನ್ನು ಕಂಡ ಪೆರು ದೇಶದ ಲಿಮಾ ನಗರದಲ್ಲಿ. ಅಲ್ಲಿಂದ ಯೂರೋಪಿಗೆ ಬಂದು, ಆಂಗ್ಲಿಕನ್ ಮೊದಲಾದ ಸಭೆಗಳನ್ನು ಹೊಕ್ಕು, 1947ರಲ್ಲಿ ಹಲವು ಪರಂಪರೆಗಳು ಕೂಡಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲೂ ಅದು ನೆಲೆಯಾಯಿತು. ಕಾರ್ಪೊರೇಷನ್ ಬಳಿಯ, 1904ರಲ್ಲಿ ಕಟ್ಟಿದ ಹಡ್ಸನ್ ಚರ್ಚು ಈ ಸಭೆಯ ಕನ್ನಡ ಆರಾಧನೆಗೆ ಹೆಸರಾದ ಸ್ಥಳ.

ಪ್ರಶ್ನೆ: ಯೇಸುವನ್ನು ಕೊಂದವರು ಯೆಹೂದ್ಯರು ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಚರ್ಚು ಈಗಲೂ ಹಾಗೆಯೇ ಹೇಳುತ್ತದೆಯೇ? (ಮಲ್ಲೇಶ್ವರದ ಓದುಗರು)

ಉತ್ತರ: ಇಲ್ಲ. ಶಿಲುಬೆಗೇರಿಸುವುದು ರೋಮನ್ ಸಾಮ್ರಾಜ್ಯವು ಗುಲಾಮರಿಗೂ ದಂಗೆಕೋರರಿಗೂ ಮೀಸಲಿಟ್ಟಿದ್ದ ಶಿಕ್ಷೆ. ಅದಕ್ಕೆ ಯೆಹೂದ್ಯರೇ ದೊಡ್ಡ ಸಂಖ್ಯೆಯಲ್ಲಿ ಬಲಿಯಾಗಿದ್ದರು. ಹಿಮ್ಮಡಿಯ ಮೂಳೆಯಲ್ಲಿ ಮೊಳೆ ಇನ್ನೂ ಉಳಿದಿದ್ದ ಯೆಹೋಹನಾನ್ ಎಂಬ ಯೆಹೂದ್ಯನ ಅಸ್ಥಿ 1968ರಲ್ಲಿ ಜೆರುಸಲೇಮಿನ ಬಳಿ ದೊರೆತಿದೆ. ದೇವಾಲಯದ ಕೆಲವು ಮುಖ್ಯಸ್ಥರು ಯೇಸುವನ್ನು ಪಿಲಾತನಿಗೆ ಒಪ್ಪಿಸಿದರೆಂದು ಶುಭಸಂದೇಶಗಳು ಹೇಳುವುದು ನಿಜ. ಆದರೆ ಯೇಸುವೂ, ಅವರ ತಾಯಿಯೂ, ಶಿಷ್ಯರೂ ಯೆಹೂದ್ಯರೇ ಎಂಬುದನ್ನು ಮರೆತು, ಆ ಕೆಲವರ ಹೊಣೆಯನ್ನು ಒಂದು ಇಡೀ ಜನಾಂಗದ ಮೇಲೆ, ಅದೂ ಮುಂದಿನ ತಲೆಮಾರುಗಳ ಮೇಲೆ ಹೊರಿಸಿದ್ದು ಕ್ರೈಸ್ತರ ಇತಿಹಾಸದ ಅತ್ಯಂತ ಲಜ್ಜಾಸ್ಪದ ಸಂಗತಿಗಳಲ್ಲೊಂದು. ಮಧ್ಯಯುಗದ ಯೂರೋಪಿನ ಹಲವು ಊರುಗಳಲ್ಲಿ ಶುಭ ಶುಕ್ರವಾರದಂದು ಯೆಹೂದ್ಯರು ಮನೆಯಿಂದ ಹೊರಬರಲು ಹೆದರಬೇಕಾಗಿತ್ತು. ಅಂದಿನ ಪ್ರಾರ್ಥನೆಯಲ್ಲಿ ಅವರನ್ನು ಕುರಿತು ಬಳಸುತ್ತಿದ್ದ ನಿಂದನೆಯ ವಿಶೇಷಣವನ್ನು ಪೋಪ್ ಇಪ್ಪತ್ತಮೂರನೆಯ ಯೊವಾನ್ನರು 1959ರಲ್ಲಿ ತೆಗೆಸಿದರು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಈ ಮಾತನ್ನು ಹೇಳಲು ಅಷ್ಟು ಶತಮಾನಗಳು ಬೇಕಾಗಿದ್ದವೇ ಎಂದು ಕೇಳುವವರನ್ನು ತಪ್ಪೆನ್ನಲಾಗದು.

ಪ್ರಶ್ನೆ: ಅಂದು ಕ್ರೈಸ್ತ ನೆರೆಹೊರೆಯವರಿಗೆ ಶುಭಾಶಯ ಹೇಳಬಹುದೇ? ಊಟಕ್ಕೆ ಕರೆಯಬಹುದೇ? ಬೇರೆ ಧರ್ಮದವರು ಚರ್ಚಿಗೆ ಹೋಗಬಹುದೇ? (ಹಲಸೂರಿನ ಓದುಗರು)

ಉತ್ತರ: ಶುಭಾಶಯ ಹೇಳುವ ರೂಢಿಯಿಲ್ಲ, ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ವಾಟ್ಸ್ಆ್ಯಪಿನಲ್ಲಿ ಹೂಗುಚ್ಛದ ಚಿತ್ರ ಕಳುಹಿಸುವ ಮುನ್ನ ಇದು ನೆನಪಿರಲಿ. ಊಟಕ್ಕೆ ಕರೆಯುವುದೂ ಬೇಡ. ಕಥೋಲಿಕರಲ್ಲಿ 18ರಿಂದ 59 ವರ್ಷದವರೆಗಿನವರು ಅಂದು ಒಂದು ಪೂರ್ಣ ಊಟ ಮತ್ತು ಎರಡು ಅಲ್ಪಾಹಾರಗಳಿಗೆ ಮಿತವಾಗಿರಬೇಕು, 14 ವರ್ಷ ದಾಟಿದವರು ಮಾಂಸವನ್ನು ಮುಟ್ಟುವಂತಿಲ್ಲ, ರೋಗಿಗಳಿಗೆ ವಿನಾಯಿತಿಯಿದೆ. ಅನೇಕರು ಸಂಜೆಯವರೆಗೆ ಏನನ್ನೂ ತಿನ್ನುವುದಿಲ್ಲ. ಕೇರಳ ಮೂಲದ ಸಿರಿಯನ್ ಕ್ರೈಸ್ತರ ಚರ್ಚುಗಳಲ್ಲಿ, ಯೇಸುವಿಗೆ ಹುಳಿರಸ ಕುಡಿಸಿದ್ದನ್ನು ನೆನೆದು, ಪ್ರಾರ್ಥನೆಯ ನಂತರ ಕಹಿನೀರು ಕೊಡುತ್ತಾರೆ; ಮನೆಯಲ್ಲಿ ಗಂಜಿ ಮತ್ತು ಹೆಸರುಕಾಳಿನ ಪಲ್ಯದ ಊಟ.

ಚರ್ಚಿಗೆ ಯಾರು ಬೇಕಾದರೂ ಹೋಗಬಹುದು. ಮುಖ್ಯ ವಿಧಿ ಸಾಮಾನ್ಯವಾಗಿ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಆರಂಭವಾಗುತ್ತದೆ. ಬೆಂಗಳೂರಿನ ದೊಡ್ಡ ಚರ್ಚುಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ವಿಧಿಗಳಿಗೆ ಬೇರೆ ಬೇರೆ ಹೊತ್ತು ಗೊತ್ತುಮಾಡಿರುವುದುಂಟು, ಹೊರಗಿನ ಫಲಕದಲ್ಲಿ ಮೊದಲೇ ನೋಡಿಕೊಳ್ಳಿ. ಶಿಲುಬೆಯ ವಂದನೆಯ ಸಾಲಿನಲ್ಲಿ ಮನಸ್ಸಿದ್ದರೆ ನಿಲ್ಲಬಹುದು. ಪರಮಪ್ರಸಾದ ಮಾತ್ರ ದೀಕ್ಷಾಸ್ನಾನ ಪಡೆದು ಅದಕ್ಕೆ ಸಿದ್ಧರಾದ ಸದಸ್ಯರಿಗೆ; ಆ ಹೊತ್ತಿನಲ್ಲಿ ನಿಮ್ಮ ಜಾಗದಲ್ಲೇ ಕುಳಿತಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಜನಸಂದಣಿ ಹೆಚ್ಚಿರುವುದರಿಂದ ಅರ್ಧ ಗಂಟೆ ಮುಂಚೆಯೇ ತಲುಪುವುದು ಮೇಲು.